ವಿಶ್ ಬಂದಾಗ ಟೆನ್ಸ್ ಹಿಂದಕ್ಕೆ

ವಿಜಯನಗರದಲ್ಲಿ ಸಂಜೆ ಹೊತ್ತು ಸ್ಪೋಕನ್ ಇಂಗ್ಲಿಷ್ ಹೇಳಿಕೊಡುತ್ತೇನೆ. ಬರುವವರಲ್ಲಿ ಕನ್ನಡ ಮೀಡಿಯಂನಲ್ಲಿ ಓದಿದವರೇ ಜಾಸ್ತಿ. ಬೇರೆ ಟೆನ್ಸ್ ಎಲ್ಲ ಕೈಗೆ ಹತ್ತಿದ ಮೇಲೂ 'ವಿಶ್' ಬಂದರೆ ತಡವರಿಸುತ್ತಾರೆ. ಈಗಿನ ಆಸೆಗೆ ಪಾಸ್ಟ್ ಟೆನ್ಸ್ ಯಾಕೆ ಅನ್ನುತ್ತಾರೆ. ನ್ಯಾಯವಾದ ಪ್ರಶ್ನೆ.

ಇದಕ್ಕೆ ನಾನು ರೂಲ್ ಬರೆಸುವುದಿಲ್ಲ. ಮೊದಲು ಕನ್ನಡದಲ್ಲೇ ಆಸೆ ಹೇಳಿಸುತ್ತೇನೆ. ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗನೊಬ್ಬ, "ನಮ್ಮನೆ ಮೆಟ್ರೋ ಹತ್ರ ಇದ್ದಿದ್ರೆ ಚೆನ್ನಾಗಿರ್ತಿತ್ತು ಮೇಡಂ" ಅಂದ.

"ಇದು ನಿನ್ನೆ ಮಾತಾ, ಇವತ್ತಿಂದಾ?"

"ಇವತ್ತಿಂದೇ."

"ಮತ್ತೆ 'ಇದ್ದಿದ್ರೆ' ಅಂತ ಯಾಕಪ್ಪಾ ಅಂದೆ?"

ಸ್ವಲ್ಪ ಯೋಚಿಸಿ ಅವನೇ ಹೇಳಿದ: "ಹತ್ರ ಇಲ್ವಲ್ಲ, ಅದಕ್ಕೆ."

ಈ ಪಾಠ ನನಗೆ ಇಷ್ಟವಾಗುವುದೇ ಇದಕ್ಕೆ. ಉತ್ತರ ಅವರ ಬಾಯಲ್ಲೇ ಇರುತ್ತದೆ. ಇಲ್ಲದ್ದನ್ನು ಬಯಸುವಾಗ ನಾವೂ ಹಿಂದಿನ ಕಾಲದ ರೂಪವನ್ನೇ ಹಿಡಿಯುತ್ತೇವೆ. ಇಂಗ್ಲಿಷಿನಲ್ಲೂ ಹಾಗೇ: 'ಐ ವಿಶ್ ವಿ ಲಿವ್ಡ್ ನಿಯರ್ ದ ಮೆಟ್ರೋ.' 'ಲಿವ್' ಹೋಗಿ 'ಲಿವ್ಡ್' ಆಯಿತು, ಆಸೆ ಮಾತ್ರ ಇವತ್ತಿನದೇ.

ಆಗಿಹೋದದ್ದಕ್ಕೆ ಕೊರಗುವಾಗ ಇನ್ನೊಂದು ಹೆಜ್ಜೆ ಹಿಂದೆ. ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಇಂಟರ್ವ್ಯೂ ತಪ್ಪಿತು ಅಂದುಕೊಳ್ಳಿ. 'ಐ ವಿಶ್ ಐ ಹ್ಯಾಡ್ ಲೆಫ್ಟ್ ಅರ್ಲಿಯರ್.' 'ಐ ಶುಡ್ ಹ್ಯಾವ್ ಲೆಫ್ಟ್ ಅರ್ಲಿಯರ್' ಅಂದರೂ ಸರಿ, ಆದರೆ ಅದರಲ್ಲಿ ತಪ್ಪು ನನ್ನದೇ ಅನ್ನುವ ದನಿ ಜೋರು.

ಇಲ್ಲಿ ನಾನು ಅವಸರ ಮಾಡುವುದಿಲ್ಲ. 'ಐ ವಿಶ್ ಐ ನ್ಯೂ', 'ಐ ವಿಶ್ ಐ ಹ್ಯಾಡ್ ನೋನ್' ಎರಡನ್ನೂ ಪಕ್ಕಪಕ್ಕ ಬರೆದು, ಯಾರಿಗೆ ಈಗಲೂ ಗೊತ್ತಿಲ್ಲ ಅಂತ ಕೇಳುತ್ತೇನೆ. ಮೊದಲನೆಯವರಿಗೆ. ಎರಡನೆಯವರಿಗೆ ಆಗ ಗೊತ್ತಿರಲಿಲ್ಲ, ಅಷ್ಟೇ. ಅರ್ಲಿಯರ್, ಯೆಸ್ಟರ್ಡೇ ಅನ್ನುವ ಆಸರೆ ಪದಗಳೇನೂ ಇಲ್ಲದೆ ಇದನ್ನು ಹಿಡಿದರೆ ನನಗೆ ನೆಮ್ಮದಿ.

'ವುಡ್' ಸುಲಭ. ಮಳೆ, ಹಾರ್ನ್, ಪಕ್ಕದ ಮನೆಯ ಟಿವಿ, ಹೀಗೆ ನಮ್ಮ ಮಾತು ಕೇಳದೆ ಕಾಡುವುದಕ್ಕೆಲ್ಲ ಅದು: 'ಐ ವಿಶ್ ದ ರೇನ್ ವುಡ್ ಸ್ಟಾಪ್.' ನಮ್ಮ ಬಗ್ಗೆಯೇ ಹೇಳಿಕೊಳ್ಳುವಾಗ 'ಐ ವಿಶ್ ಐ ಕುಡ್'. 'ಐ ವಿಶ್ ಐ ವರ್' ಸರೀನಾ 'ವಾಸ್' ಸರೀನಾ ಅಂತ ಜಗಳವೇ ಬೇಡ. ಮಾತಿನಲ್ಲಿ ಎರಡೂ ನಡೆಯುತ್ತವೆ, ಅಚ್ಚುಕಟ್ಟಾದ ಬರವಣಿಗೆಗೆ 'ವರ್'.

ನಾಳೆ ಇಂಟರ್ವ್ಯೂ ಇದೆ, ಕೆಲಸ ಸಿಗಲಿ ಅನ್ನುವವರಿಗೆ ಮಾತ್ರ 'ವಿಶ್' ಮುಟ್ಟಬೇಡಿ ಅನ್ನುತ್ತೇನೆ. ಅದು ಇನ್ನೂ ಆಗಬಹುದಾದ ಮಾತು ಅಲ್ವಾ? 'ಐ ಹೋಪ್ ಐ ಗೆಟ್ ದ ಜಾಬ್.' ಅಲ್ಲಿ ಟೆನ್ಸ್ ಹಿಂದಕ್ಕೆ ಹೋಗುವುದೇ ಇಲ್ಲ.