ಬಸ್ಸಾರು ಬಸಿದ ಮೇಲಿನ ಪಲ್ಯ

ಮಂಡ್ಯ, ಮೈಸೂರು ಸೀಮೆಯ ಮನೆಗಳಲ್ಲಿ ಬಸ್ಸಾರು ಮಾಡುವ ದಿನ ಪಲ್ಯಕ್ಕೆಂದು ಬೇರೆ ತರಕಾರಿ ಹೆಚ್ಚುವುದಿಲ್ಲ. ಕಾಳನ್ನೂ ಸೊಪ್ಪನ್ನೂ ಒಟ್ಟಿಗೆ ಬೇಯಿಸಿ ಬಸಿದಾಗ ಇಳಿಯುವ ಕಟ್ಟು ಸಾರಿಗೆ ಹೋಗುತ್ತದೆ, ಜರಡಿಯಲ್ಲಿ ಉಳಿದದ್ದು ಪಲ್ಯವಾಗುತ್ತದೆ. ಸಾರಿನ ರುಚಿಗೆ ಎಲ್ಲರೂ ಗಮನ ಕೊಡುವುದರಿಂದ ಪಲ್ಯವು ಎಷ್ಟೋ ಸಲ ಮುದ್ದೆಗಟ್ಟಿದ ಸೊಪ್ಪಾಗಿ ತಟ್ಟೆಗೆ ಬರುತ್ತದೆ. ಬೇಯಿಸುವ ಹೊತ್ತಿನಲ್ಲಿ ಸ್ವಲ್ಪ ಎಚ್ಚರವಿದ್ದರೆ ಹೀಗಾಗುವುದಿಲ್ಲ.

ನಾಲ್ಕು ಜನರಿಗೆ ಒಂದು ಲೋಟ ಅಲಸಂದೆ ಕಾಳು ಮತ್ತು ಎರಡು ಕಟ್ಟು ದಂಟಿನ ಸೊಪ್ಪು ಸಾಕು. ಜೊತೆಗೆ ಒಂದು ಹಿಡಿ ಸಬ್ಬಸಿಗೆ ಸೊಪ್ಪು ಇದ್ದರೆ ಪರಿಮಳ ಚೆನ್ನಾಗಿರುತ್ತದೆ, ಅದಕ್ಕಿಂತ ಹೆಚ್ಚಾದರೆ ಉಳಿದೆಲ್ಲದರ ರುಚಿಯನ್ನು ಮುಚ್ಚಿಬಿಡುತ್ತದೆ. ಹೊಲದ ಬದುವಿನಲ್ಲಿ ಬೆಳೆಯುವ ಅಣ್ಣೆ, ಗೋಣಿ, ಕೀರೆಗಳ ಬೆರಕೆ ಸೊಪ್ಪು ಸಿಕ್ಕಿದರೆ ನಾನು ಅದನ್ನೇ ಆರಿಸುತ್ತೇನೆ. ಸೊಪ್ಪನ್ನು ಹೆಚ್ಚುವ ಮೊದಲೇ ಎರಡು ಮೂರು ನೀರಿನಲ್ಲಿ ತೊಳೆಯಬೇಕು, ಏಕೆಂದರೆ ಹೆಚ್ಚಿದ ಮೇಲೆ ತೊಳೆದರೆ ನೀರಿನಲ್ಲಿ ಕರಗುವ ಜೀವಸತ್ವಗಳು ಮಣ್ಣಿನೊಂದಿಗೇ ಹರಿದುಹೋಗುತ್ತವೆ.

ಕಾಳನ್ನು ರಾತ್ರಿಯೇ ನೆನೆಹಾಕಿ, ಹೊಟ್ಟೆಯುಬ್ಬರಕ್ಕೆ ಕಾರಣವಾಗುವ ಸಕ್ಕರೆಗಳ ಒಂದು ಪಾಲು ನೆನೆದ ನೀರಿಗೆ ಇಳಿದಿರುವುದರಿಂದ ಆ ನೀರನ್ನು ಚೆಲ್ಲಿ. ಬೇಯಿಸಿದ ನೀರನ್ನು ಮಾತ್ರ ಒಂದು ಹನಿಯೂ ಚೆಲ್ಲಬಾರದು, ಕಟ್ಟು ಎಂದರೆ ಅದೇ. ಬೇಗ ಬೇಯಲಿ ಎಂದು ಅಡುಗೆ ಸೋಡಾ ಹಾಕುವವರಿದ್ದಾರೆ. ಅದರಿಂದ ಕಾಳು ಮೆತ್ತಗಾಗುವುದು ನಿಜ, ಆದರೆ ಕಾಳಿನಲ್ಲಿರುವ ಥಯಮಿನ್ (ಬಿ1 ಜೀವಸತ್ವ) ನಾಶವಾಗುತ್ತದೆ, ಬಾಯಿಗೂ ಸೋಪಿನಂಥ ರುಚಿ ಹತ್ತುತ್ತದೆ. ಟೊಮೆಟೊ, ಹುಣಸೆಹಣ್ಣುಗಳನ್ನೂ ಈ ಹಂತದಲ್ಲಿ ಸೇರಿಸಬೇಡಿ, ಹುಳಿ ಬಿದ್ದರೆ ಕಾಳಿನ ಸಿಪ್ಪೆ ಬಿಗಿಯಾಗಿಯೇ ಉಳಿಯುತ್ತದೆ.

ಆರು ಲೋಟ ನೀರನ್ನು ಕುದಿಸಿ, ಕಾಳನ್ನು ತೆರೆದ ಪಾತ್ರೆಯಲ್ಲಿ ಬೇಯಲು ಬಿಡಿ. ಕುಕ್ಕರಿನಲ್ಲಿ ಒಂದು ವಿಸಿಲ್ ಹೆಚ್ಚಾದರೂ ಅಲಸಂದೆ ಒಡೆದು ಕಟ್ಟು ಗಂಜಿಯಂತಾಗುವುದರಿಂದ, ಸಮಯವಿದ್ದಾಗ ಪಾತ್ರೆಯೇ ಮೇಲು. ಒಂದು ಕಾಳನ್ನು ತೆಗೆದು ಬೆರಳುಗಳ ನಡುವೆ ಒತ್ತಿ ನೋಡಿ. ಹೊರಗೆ ಮೆತ್ತಗಾಗಿದ್ದು ನಡುವೆ ಸ್ವಲ್ಪ ಗಟ್ಟಿ ಇರುವಾಗಲೇ ದಂಟನ್ನು ಹಾಕಿ, ಐದು ನಿಮಿಷದ ನಂತರ ಎಲೆಗಳನ್ನೂ ಉಪ್ಪನ್ನೂ ಸೇರಿಸಿ. ಎಲೆ ಬೇಯುವಾಗ ಮುಚ್ಚಳ ಹಾಕದಿದ್ದರೆ ಸೊಪ್ಪಿನ ಹುಳಿ ಆವಿಯೊಂದಿಗೆ ಹೋಗಿ ಹಸಿರು ಬಣ್ಣ ಉಳಿಯುತ್ತದೆ. ಎಲೆ ಮೆದುವಾದ ಕೂಡಲೇ ಬಸಿಯಿರಿ, ಬಿಸಿ ನೀರಿನಲ್ಲೇ ಬಿಟ್ಟರೆ ಅದು ಬೇಯುತ್ತಲೇ ಇರುತ್ತದೆ. ಸಾರಿನ ಖಾರಕ್ಕೆ ರುಬ್ಬಲು ಒಂದು ಸೌಟು ಕಾಳು-ಸೊಪ್ಪು ತೆಗೆದಿಟ್ಟು ಉಳಿದದ್ದನ್ನು ಹತ್ತು ನಿಮಿಷ ಜರಡಿಯಲ್ಲೇ ಸೋರಲು ಬಿಡಿ. ನೀರು ಪೂರ್ತಿ ಇಳಿಯದಿದ್ದರೆ ಒಗ್ಗರಣೆ ಪಲ್ಯಕ್ಕೆ ಹಿಡಿಯುವುದಿಲ್ಲ.

ಒಗ್ಗರಣೆಗೆ ಎರಡು ಚಮಚ ಎಣ್ಣೆ ಸಾಕು. ಸಾಸಿವೆ ಸಿಡಿದ ಮೇಲೆ ಜಜ್ಜಿದ ಬೆಳ್ಳುಳ್ಳಿ, ಮುರಿದ ಒಣಮೆಣಸಿನಕಾಯಿ, ಕರಿಬೇವು, ಹೆಚ್ಚಿದ ಈರುಳ್ಳಿ ಹಾಕಿ ಬಾಡಿಸಿ, ಬಸಿದ ಕಾಳು-ಸೊಪ್ಪನ್ನು ಸೇರಿಸಿ ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ತಿರುವಿ. ತೆಂಗಿನಕಾಯಿ ತುರಿಯನ್ನು ಒಲೆ ಆರಿಸಿದ ಮೇಲೆ ಬೆರೆಸಿ. ಕೊನೆಗೆ ಅರ್ಧ ನಿಂಬೆಹಣ್ಣು ಹಿಂಡುವುದನ್ನು ಮರೆಯಬೇಡಿ, ಸೊಪ್ಪು ಮತ್ತು ಕಾಳುಗಳಲ್ಲಿರುವ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ನಿಂಬೆಯ ಸಿ ಜೀವಸತ್ವ ನೆರವಾಗುತ್ತದೆ.

ಡಿಸೆಂಬರ್, ಜನವರಿಯಲ್ಲಿ ಸೊಗಡಿನ ಅವರೆಕಾಯಿ ಬಂದಾಗ ನೆನೆಸುವ ಕೆಲಸವಿಲ್ಲ, ಸುಲಿದ ಹಸಿ ಕಾಳನ್ನೇ ಹಾಕಬಹುದು. ಹುರುಳಿಕಾಳಾದರೆ ಮೊಳಕೆ ಬರಿಸಿ, ಅಲಸಂದೆಗಿಂತ ಹೆಚ್ಚು ಹೊತ್ತು ಬೇಯಿಸಬೇಕು, ನೀರನ್ನೂ ಎರಡು ಲೋಟ ಹೆಚ್ಚಿಗೆ ಇಡಬೇಕು.