ಮನೆಕೆಲಸದವಳ ಮೇಲೆ ಅನುಮಾನ ಬಂದಾಗ

ಒಡವೆ ಕಳವಾಯಿತು ಎಂದು ಠಾಣೆಗೆ ಬರುವವರು ಹೆಚ್ಚಾಗಿ ಮನೆಕೆಲಸದವಳ ಹೆಸರನ್ನೇ ಹೇಳುತ್ತಾರೆ. “ಸಾರ್, ಕರೆಸಿ ಎರಡು ಬಾರಿಸಿ, ತಾನಾಗಿಯೇ ಬಾಯಿ ಬಿಡ್ತಾಳೆ” ಅಂತ ಸಲಹೆಯನ್ನೂ ಕೊಡುತ್ತಾರೆ. ಬೆಂಗಳೂರಿನಲ್ಲಿ ಸಬ್ ಇನ್‌ಸ್ಪೆಕ್ಟರ್ ಆಗಿದ್ದಾಗ ಇಂಥ ದೂರುಗಳನ್ನು ಜಾಸ್ತಿ ನೋಡಿದೆ.

ನಾನು ಮೊದಲು ಎಫ್‌ಐಆರ್ ಹಾಕುತ್ತಿದ್ದೆ. ಕಳವಿನಂಥ ಅಪರಾಧಕ್ಕೆ ಅದು ಕಡ್ಡಾಯ ಎಂದು 2013ರ ಲಲಿತಾ ಕುಮಾರಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. “ಸುಮ್ನೆ ವಿಚಾರಿಸಿ, ಒಡವೆ ಸಿಕ್ಕರೆ ಕೇಸು ಬೇಡ” ಅನ್ನುವವರ ಮಾತಿಗೆ ಒಪ್ಪಬಾರದು. ಕೇಸಿಲ್ಲದೆ ಕರೆತಂದ ಹೆಂಗಸು ಠಾಣೆಯಲ್ಲಿದ್ದಳು ಅನ್ನುವುದಕ್ಕೆ ಕಾಗದದಲ್ಲಿ ಗುರುತೇ ಇರುವುದಿಲ್ಲ. ಪೆಟ್ಟು ಬೀಳುವುದು ಅಂಥ ಹೊತ್ತಿನಲ್ಲೇ.

ಆಮೇಲೆ ಸ್ಥಳ ಮಹಜರು. ಬೀರುವಿನ ಕೀಲಿ ಯಾರ ಹತ್ತಿರ ಇತ್ತು? ಒಡವೆಯನ್ನು ಕೊನೆಯ ಸಲ ನೋಡಿದ್ದು ಯಾವಾಗ? ಅಲ್ಲಿಂದೀಚೆಗೆ ಮನೆಗೆ ಬಂದುಹೋದವರು ಯಾರ್ಯಾರು? ನೆಂಟರು, ಬಣ್ಣ ಬಳಿಯುವವರು, ಮಗನ ಗೆಳೆಯರು, ಎಲ್ಲರ ಹೆಸರನ್ನೂ ಬರೆಸುತ್ತಿದ್ದೆ. ಮನೆಯವರಿಗೆ ಸಿಟ್ಟು ಬರುತ್ತದೆ. ಬಂದರೂ ಬರೆಸಬೇಕು. ಅನುಮಾನ ಬಡವರ ಕಡೆಗೇ ಯಾಕೆ ಹೋಗಬೇಕು?

ಹೆಂಗಸರನ್ನು ಸಾಕ್ಷಿಯಾಗಿ ವಿಚಾರಿಸಬೇಕಾದರೆ ಅವರ ಮನೆಗೇ ಹೋಗಬೇಕು. ಹಳೆಯ ಅಪರಾಧ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 160ನೇ ಕಲಂನಲ್ಲಿದ್ದ ಈ ನಿಯಮ ಈಗ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂನಲ್ಲಿದೆ. ಜೀಪನ್ನು ದೂರದಲ್ಲೇ ನಿಲ್ಲಿಸಿ, ಮಹಿಳಾ ಕಾನ್‌ಸ್ಟೆಬಲ್ ಜೊತೆ ಮಫ್ತಿಯಲ್ಲಿ ಹೋಗುತ್ತಿದ್ದೆ. ವಠಾರದವರ ಕಣ್ಣಿಗೆ ಕಳ್ಳಿಯಾಗಿ ಬಿದ್ದವಳಿಗೆ ಆ ಬೀದಿಯಲ್ಲಿ ಮತ್ತೆ ಯಾರು ಕೆಲಸ ಕೊಡುತ್ತಾರೆ ಹೇಳಿ.

ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯುವುದಿಲ್ಲ. 1872ರ ಸಾಕ್ಷ್ಯ ಕಾಯ್ದೆಯ ಕಾಲದಿಂದಲೂ ಹಾಗೆಯೇ. ಆದರೆ ಕಸ್ಟಡಿಯಲ್ಲಿರುವ ಆರೋಪಿ ಹೇಳಿದ್ದರಿಂದ ಮಾಲು ಸಿಕ್ಕರೆ, ಅದಕ್ಕೆ ಸಂಬಂಧಿಸಿದ ಮಾತಷ್ಟು ಸಾಕ್ಷ್ಯವಾಗುತ್ತದೆ. ಹೊಡೆತವನ್ನು ಸಮರ್ಥಿಸುವವರು ಇದನ್ನೇ ಮುಂದೆ ಮಾಡುತ್ತಾರೆ. ನಾನು ಒಪ್ಪಲಿಲ್ಲ. ಕದಿಯದವಳೂ ನೋವು ತಾಳಲಾರದೆ ಸಾಲ ಮಾಡಿ ಅಷ್ಟೇ ತೂಕದ ಚಿನ್ನ ತಂದುಕೊಡಬಹುದು ಅಲ್ವಾ? ಕಾಗದದಲ್ಲಿ ಅದು ರಿಕವರಿ, ಅಂದರೆ ಕಳವಾದ ಮಾಲು ಸಿಕ್ಕ ಲೆಕ್ಕ. ನಿಜವಾದ ಕಳ್ಳ ಹೊರಗೇ ಇರುತ್ತಾನೆ. ಅದನ್ನು ಬರೆದು ಸಹಿ ಹಾಕಿದ ಕೈ ನನ್ನದಾಗಿರುತ್ತದೆ.

ಕೈಕೆಳಗಿನವರಿಗೂ ಇದನ್ನು ಮೊದಲೇ ಹೇಳಿಡುತ್ತಿದ್ದೆ. ನಾನಿಲ್ಲದಾಗ ಯಾರನ್ನು ಕರೆತಂದರೂ ಠಾಣೆಯ ದಿನಚರಿಯಾದ ಸ್ಟೇಷನ್ ಹೌಸ್ ಡೈರಿಯಲ್ಲಿ ನಿಜವಾದ ಸಮಯವನ್ನೇ ಬರೆಯಬೇಕು.

ಕೆಲವು ಕೇಸುಗಳು ಪತ್ತೆಯಾಗಲೇ ಇಲ್ಲ. ಪತ್ತೆಯಾಗಲಿಲ್ಲ ಎಂದು ಕೋರ್ಟಿಗೆ ಕೊಡುವ ‘ಸಿ’ ರಿಪೋರ್ಟ್ ಹಾಕಿ ದೂರುದಾರರಿಗೆ ತಿಳಿಸಿದೆ. ಅವರ ಸಿಟ್ಟು ನ್ಯಾಯವಾದದ್ದೇ, ಮದುವೆಗೆಂದು ಕೂಡಿಟ್ಟ ಒಡವೆ ಹೋಗಿರುತ್ತದೆ. ಕ್ರೈಂ ಮೀಟಿಂಗಿನಲ್ಲಿ ಮೇಲಿನವರು ಗದರಿದರು. ಯಾರ್ಯಾರನ್ನು, ಎಲ್ಲಿ, ಎಷ್ಟು ಹೊತ್ತಿಗೆ ವಿಚಾರಿಸಿದೆ ಅನ್ನುವ ಕೇಸ್ ಡೈರಿಯನ್ನು ಅವರ ಮುಂದಿಟ್ಟೆ.