ಜೆಟ್ಯಾಗ್ ಸರಪಳಿಯಲ್ಲಿ ನಾನು ಬಿಟ್ ಎಣಿಸುವ ಬಗೆ

ಜೆಟ್ಯಾಗ್ ಎಂದರೆ ಬೋರ್ಡ್‌ನ ಚಿಪ್‌ಗಳನ್ನು ಒಂದರ ಹಿಂದೆ ಒಂದಾಗಿ ಜೋಡಿಸಿ ಪರೀಕ್ಷಿಸುವ, ಡೀಬಗ್ ಮಾಡುವ ಸಂಪರ್ಕ. ಈ ಸರಪಳಿಯಲ್ಲಿ ಯಾವ ಬಿಟ್‌ಗೂ ವಿಳಾಸವಿರುವುದಿಲ್ಲ. ಎಷ್ಟನೆಯ ಕ್ಲಾಕ್‌ಗೆ ಒಳಹೋಯಿತೋ ಅದರ ಮೇಲೆ ಅದು ಯಾವ ಚಿಪ್ ಸೇರುತ್ತದೆ ಎಂಬುದು ನಿಂತಿದೆ. ಅದಕ್ಕೇ ಹೊಸ ಬೋರ್ಡ್ ಕೈಗೆ ಬಂದರೆ ಡೀಬಗರ್ ತಂತ್ರಾಂಶವನ್ನು ತೆರೆಯುವ ಮೊದಲು ಸರಪಳಿಯನ್ನು ನಾನೇ ಎಣಿಸಿ ನೋಡುತ್ತೇನೆ. ಇದಕ್ಕೆ ಒಂದು ಮೈಕ್ರೋಕಂಟ್ರೋಲರ್‌ನ ನಾಲ್ಕು ಪಿನ್ ಸಾಕು: ಕ್ಲಾಕ್, ಸ್ಥಿತಿ ಬದಲಿಸುವ ಟಿಎಂಎಸ್, ಬಿಟ್ ಒಳಹೋಗುವ ಟಿಡಿಐ, ಬಿಟ್ ಹೊರಬರುವ ಟಿಡಿಓ.

ಟಿಎಂಎಸ್ ಅನ್ನು 1ರಲ್ಲೇ ಹಿಡಿದು ಐದು ಕ್ಲಾಕ್ ಕೊಟ್ಟರೆ ಎಲ್ಲ ಚಿಪ್‌ಗಳೂ ರೀಸೆಟ್ ಸ್ಥಿತಿಗೆ ಬರುತ್ತವೆ. ಬಳಿಕ ಪ್ರತಿ ಚಿಪ್‌ನ ಆದೇಶವನ್ನು ಹಿಡಿದಿಡುವ ಇನ್‌ಸ್ಟ್ರಕ್ಷನ್ ರಿಜಿಸ್ಟರ್‌ಗಳಿಗೆ ಧಾರಾಳವಾಗಿ 1ಗಳನ್ನು ತುಂಬುತ್ತೇನೆ. ಎಲ್ಲವೂ 1 ಎಂದರೆ ಬೈಪಾಸ್ (ದತ್ತಾಂಶವನ್ನು ಒಂದೇ ಬಿಟ್‌ನ ಹಾದಿಯಲ್ಲಿ ದಾಟಿಸಿಬಿಡು ಎಂಬ ಆದೇಶ) ಎಂದು ಜೆಟ್ಯಾಗ್‌ನ ಐಇಇಇ 1149.1 ಮಾನದಂಡವೇ ಕಡ್ಡಾಯ ಮಾಡಿದೆ. ಈಗ ಡೇಟಾ ಹಾದಿಯಲ್ಲಿ ಪ್ರತಿ ಚಿಪ್‌ನ ಉದ್ದ ಒಂದೇ ಬಿಟ್. ಹಾದಿಯನ್ನು 0ಗಳಿಂದ ತೊಳೆದು ಒಂದು 1 ಕಳುಹಿಸುತ್ತೇನೆ. ಅದು ಟಿಡಿಓದಲ್ಲಿ ಎಷ್ಟು ಕ್ಲಾಕ್ ತಡವಾಗಿ ಕಾಣುತ್ತದೆಯೋ ಅಷ್ಟು ಚಿಪ್‌ಗಳಿವೆ ಎಂದರ್ಥ.

ಎಸ್‌ಟಿಎಂ32ಎಫ್103 ಮೈಕ್ರೋಕಂಟ್ರೋಲರ್ ಇರುವ ಬೋರ್ಡ್‌ನಲ್ಲಿ ಕಣ್ಣಿಗೆ ಕಾಣುವುದು ಒಂದೇ ಚಿಪ್, ಎಣಿಕೆ ಹೇಳುವುದು ಎರಡು! ಆ ಒಂದೇ ಚಿಪ್‌ನೊಳಗೆ ಎರಡು ಘಟಕಗಳು ಸರಪಳಿಯಲ್ಲಿವೆ. ಟಿಡಿಐ ಕಡೆ ಪಿನ್‌ಗಳನ್ನು ಪರೀಕ್ಷಿಸುವ ಬೌಂಡರಿ ಸ್ಕ್ಯಾನ್ ಘಟಕ, ಅದರ ಇನ್‌ಸ್ಟ್ರಕ್ಷನ್ ರಿಜಿಸ್ಟರ್ 5 ಬಿಟ್. ಟಿಡಿಓ ಕಡೆ ಕಾರ್ಟೆಕ್ಸ್ ಎಂ3 ಪ್ರೊಸೆಸರ್, ಅದರದು 4 ಬಿಟ್. ಪ್ರೊಸೆಸರ್‌ನ ಗುರುತು ಓದಲು ಅದಕ್ಕೆ 1110 ಕೊಡಬೇಕು, ಇನ್ನೊಂದನ್ನು ಬೈಪಾಸ್‌ನಲ್ಲಿಡಬೇಕು. ಕೆಳಗಿನ ಬಿಟ್ ಮೊದಲು ಹೋಗುವುದರಿಂದ ನಾನು ತಳ್ಳುವುದು ಒಂದು 0, ಅದರ ಹಿಂದೆ ಎಂಟು 1. ದೂರದ ಚಿಪ್‌ನ ಬಿಟ್‌ಗಳೇ ಮೊದಲು ಹೊರಡಬೇಕು. ಆ 0 ಒಂದು ಕ್ಲಾಕ್ ಹಿಂದೆ ಬಿದ್ದರೆ ಪ್ರೊಸೆಸರ್‌ಗೆ ಸಿಗುವುದು 1101.

ನಂತರ 33 ಬಿಟ್ ಹೊರತೆಗೆಯುತ್ತೇನೆ. ಮೊದಲ 32 ಬಿಟ್ ಪ್ರೊಸೆಸರ್‌ನ ಗುರುತು, ಕೊನೆಯದು ಬೈಪಾಸ್‌ನ 0. ಗುರುತಿನ ಮೊದಲ ಬಿಟ್ ಯಾವಾಗಲೂ 1 ಆಗಿರುವ ನಿಯಮ ನನಗೆ ಬಹಳ ಇಷ್ಟ. ಬರುತ್ತಿರುವುದು ಗುರುತೋ ಬೈಪಾಸೋ ಎಂದು ಅಲ್ಲೇ ತಿಳಿದುಬಿಡುತ್ತದೆ. ಬೈಪಾಸ್‌ನಲ್ಲಿರುವ ಚಿಪ್ ಟಿಡಿಓ ಕಡೆ ಇದ್ದಿದ್ದರೆ ಆ ಹೆಚ್ಚುವರಿ ಬಿಟ್ ಮೊದಲೇ ಬರುತ್ತಿತ್ತು. ಬರೆಯುವಾಗಲೂ ಇದೇ ಲೆಕ್ಕ: ಇಲ್ಲಿ ಪ್ರೊಸೆಸರ್‌ನ ಡೀಬಗ್ ರಿಜಿಸ್ಟರ್‌ಗೆ ಹೋಗುವ 35 ಬಿಟ್ ದತ್ತಾಂಶ ಮೊದಲು, ಒಂದು ಲೆಕ್ಕಕ್ಕಿಲ್ಲದ ಬಿಟ್ ಕೊನೆಗೆ.

ಇನ್‌ಸ್ಟ್ರಕ್ಷನ್ ರಿಜಿಸ್ಟರ್‌ಗಳ ಒಟ್ಟು ಉದ್ದವನ್ನೂ ಹೀಗೆಯೇ ಎಣಿಸಬಹುದು. ಆದರೆ ಅದು ಚಿಪ್‌ಗಳ ನಡುವೆ ಹೇಗೆ ಹಂಚಿಹೋಗಿದೆ ಎಂಬುದಕ್ಕೆ ಚಿಪ್‌ನ ಜೆಟ್ಯಾಗ್ ವಿವರಗಳಿರುವ ತಯಾರಕರ ಬಿಎಸ್‌ಡಿಎಲ್ ಕಡತವೇ ಗತಿ. ಪ್ರತಿ ರಿಜಿಸ್ಟರ್‌ನಿಂದ ಮೊದಲು ಹೊರಬರುವ 1, 0 ಎಂಬ ಜೋಡಿ ಸುಳಿವು ಮಾತ್ರ.

ಟಿಡಿಓ ಬದಲಾಗುವುದು ಕ್ಲಾಕ್ ಇಳಿಯುವಾಗ, ಹಾಗಾಗಿ ಕ್ಲಾಕ್ ಏರಿಸುವ ಮುನ್ನವೇ ಓದಿಕೊಳ್ಳುತ್ತೇನೆ. ಕೊನೆಯ ಬಿಟ್ ಅನ್ನು ಟಿಎಂಎಸ್ 1 ಮಾಡಿಯೇ ತಳ್ಳುತ್ತೇನೆ, ಏಕೆಂದರೆ ಶಿಫ್ಟ್ ಸ್ಥಿತಿಯಿಂದ ಹೊರಬರುವ ಕ್ಲಾಕ್ ಕೂಡ ಒಂದು ಬಿಟ್ ಅನ್ನು ಸರಿಸುತ್ತದೆ.